ಇಭೂತಿ ಮುಟ್ಟಿ ಹೇಳಿದ ಮೀಟರು

ನಮ್ಮೂರು ಝಳಕಿಯ ಮೇ ತಿಂಗಳ ಮಧ್ಯಾಹ್ನ, ಹೊಸ ತಗಡು ಹೊದಿಸಿದ ಕೋಣೆಯಲ್ಲಿ ಹಸಿ ಬಾಣಂತಿಯನ್ನು ಮಲಗಿಸಿ, ಬಾಗಿಲು ಹಾಕಿ, ಹೊರಸಿನ ಕೆಳಗೆ ಕೆಂಡ ಇಡುವ ಧೈರ್ಯ ನಮ್ಮವ್ವ ರುಕ್ಮವ್ವನಿಗೆ ಮಾತ್ರ ಇತ್ತು. ಬಾಣಂತಿ ನನ್ನ ತಂಗಿ ಭಾಗ್ಯಜ್ಯೋತಿ. ಕೂಸು ಬೆಳಗಿನಿಂದ ಮೊಲೆ ಹಿಡಿದಿರಲಿಲ್ಲ; ಮೈ ಕೆಂಪಾಗಿ, ಅಳುವುದನ್ನೂ ಬಿಟ್ಟಿತ್ತು. ನನಗೆ ಹೆದರಿಕೆಯಾಯಿತು. ಹೆದರಿದರೆ ನನಗೆ ಮೊದಲು ಬರುವುದು ಸಿಟ್ಟು.

“ಅವ್ವಾ, ಕೂಸನ್ನ ಮಣ್ಣಿನ ಮಾಳಗಿ ಮನಿಯೊಳಗ ಒಯ್ಯೂಣು, ಅಲ್ಲಿ ತಂಪ ಐತಿ. ಇಲ್ಲಿ ಬೇಯಾಕತ್ತೈತಿ.”

“ಗಾಳಿ ಬಡದ್ರ ಯಾರ ನೋಡಾವ್ರು? ನಿಮ್ಮನ್ನೂ ಹಿಂಗಽ ಜ್ವಾಪಾನ ಮಾಡೇನಿ.”

“ಆಗ ತಗಡ ಇರಲಿಲ್ಲ.”

“ತಗಡ ಏನ ಅಷ್ಟ ಕಾದಿಲ್ಲ ಬಿಡು.”

ನಮ್ಮವ್ವ ಯಾರ ಮಾತನ್ನೂ ಸುಮ್ಮನೆ ನಂಬುವವಳಲ್ಲ. ಹಾಲಿನವನಿಗೂ “ಇಭೂತಿ ಮುಟ್ಟಿ ಹೇಳು” ಎಂದು ಆಣೆ ಹಾಕಿಸುವವಳು. ನಾನು ಹೈಸ್ಕೂಲಿನ ವಿಜ್ಞಾನ ಟೀಚರು. ಆಕಾಶದ ಮತ್ತು ನೆಲದ ಬಿಸಿ ಅಳೆಯಲೆಂದು ಶಾಲೆಗೆ ಬಂದಿದ್ದ ಇನ್‌ಫ್ರಾರೆಡ್ ಮೀಟರನ್ನು ರಜೆಗೆ ಮನೆಗೇ ತಂದಿದ್ದೆ. ಗುರಿ ಹಿಡಿದು ಗುಂಡಿ ಒತ್ತಿದರೆ ಮುಟ್ಟದೆಯೇ ಬಿಸಿ ಎಷ್ಟೆಂದು ತೋರಿಸುತ್ತದೆ.

“ಇದು ಹೆಚ್ಚ ತೋರಿಸಿದ್ರ ಕೂಸನ್ನ ಕೊಡ್ತಿ?”

“ಕೊಡ್ತೇನಿ.”

ಅಂಗಳದ ನೆಲಕ್ಕೆ ಹಿಡಿದೆ: ಐವತ್ತೆಂಟು ಡಿಗ್ರಿ. ಅವ್ವನ ಮುಖ ಸಣ್ಣದಾಯಿತು. ತಲೆಯೆತ್ತರಕ್ಕೆ ಇಳಿದಿದ್ದ ತಗಡಿನ ಮೇಲ್ಮೈಗೆ ಹಿಡಿದೆ: ಹದಿನೇಳು.

“ನಿನ್ನ ಮಷೀನಽ ತಂಪ ಐತಿ ಅನ್ನಾಕತ್ತೈತಿ,” ಎಂದು ಅವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೀಟರನ್ನು ಬಾವಿಗೆ ಎಸೆಯುವಷ್ಟು ಕೋಪ ಬಂತು. ಬೆಳಿಗ್ಗೆ ಇದನ್ನೇ ಆಕಾಶಕ್ಕೆ ಹಿಡಿದಾಗ ಸೊನ್ನೆಗಿಂತ ಕೆಳಗೆ ತೋರಿಸಿದ್ದು ಆಗ ನೆನಪಾಯಿತು. ಹೊಳೆಯುವ ತಗಡು ಕನ್ನಡಿಯಿದ್ದಂತೆ. ಮೀಟರು ನೋಡಿದ್ದು ಹೆಚ್ಚಾಗಿ ಅದರಲ್ಲಿ ಮೂಡಿದ ತಣ್ಣನೆಯ ಆಕಾಶವನ್ನು. ಹೊಳಪು ಮುಚ್ಚಿದರೆ ತಗಡಿನ ನಿಜವಾದ ಬಿಸಿ ಸಿಗುತ್ತದೆ.

ದೇವರ ಜಗಲಿಯಿಂದ ವಿಭೂತಿ ಗಟ್ಟಿ ತಂದು, ನೀರಲ್ಲಿ ತೇಯ್ದು ತಗಡಿಗೆ ದಪ್ಪಗೆ ಬಳಿದೆ. ಬೆರಳು ಚುರುಗುಟ್ಟಿದವು. ನೀರು ಕ್ಷಣದಲ್ಲಿ ಆರಿ ಬಿಳಿ ಪಟ್ಟಿ ಉಳಿಯಿತು. ಅದಕ್ಕೆ ಗುರಿ ಹಿಡಿದೆ: ಅರವತ್ತನಾಲ್ಕು.

“ಅವ್ವಾ, ಹೊರಗ ಬಾ. ಮೀಟರ ಈಗ ಇಭೂತಿ ಮುಟ್ಟಿ ಹೇಳಾಕತ್ತೈತಿ.”

ಬಾಗಿಲು ತೆರೆಯಿತು. ಅವ್ವ ಅಂಕಿ ನೋಡಿದಳು, ತಗಡಿನ ಮೇಲಿನ ವಿಭೂತಿ ನೋಡಿದಳು. ಒಳಗೆ ಹೋಗಿ, ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಾಳಿಗೆ ಮನೆಗೆ ಹೆಚ್ಚುಕಡಿಮೆ ಓಡಿದಳು. ಹಿಂದೆಯೇ ಭಾಗ್ಯಜ್ಯೋತಿಯನ್ನು ನಾನು ಕೈ ಹಿಡಿದು ನಡೆಸಿಕೊಂಡು ಬಂದೆ.

ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತ ಕೂತೆವು. ಬಹಳ ಹೊತ್ತಿನ ಮೇಲೆ ಕೂಸು ಸಣ್ಣಗೆ ಅತ್ತು, ಮೊಲೆ ಹಿಡಿಯಿತು. ನನಗೆ ಅಳು ಬಂತು.

ಅವ್ವ ನನ್ನ ಸುಟ್ಟ ಬೆರಳು ಹಿಡಿದುಕೊಂಡು ಮೆಲ್ಲಗೆ ಹೇಳಿದಳು: “ಸುವರ್ಣಾ, ನಿನಗಿಂತ ಮೊದಲ ನನಗೊಂದ ಕೂಸ ಇತ್ತು. ಅದೂ ಬ್ಯಾಸಗ್ಯಾಗ ಹಿಂಗಽ ಅಳೂದ ಬಿಟ್ಟಿತ್ತು. ಗಾಳಿ ಬಡದ ಹೋತು ಅಂದ್ರು ಎಲ್ಲಾರೂ.”