ಮಾವ ಎರಡು ಸಲ ತಟ್ಟಿದ್ದರು

ಜಿಯು-ಜಿತ್ಸು ಕುಸ್ತಿ ತರಗತಿಯಲ್ಲಿ ಎಲ್ಲರಿಗೂ ಅವರು ಬಡಗಿ ಮಾವ. ವಯಸ್ಸು ಐವತ್ತೆರಡು, ಬಾಯಿಗೆ ಬೀಗವಿಲ್ಲ. ಸೋಮವಾರ ಅಭ್ಯಾಸಕ್ಕೆ ನನ್ನ ಜೋಡಿಯಾದಾಗ, "ಈ ಕಡ್ಡಿ ಕಾಲಲ್ಲಿ ನನ್ನ ಹೊಟ್ಟೆ ಸುತ್ತೋಕಾಗುತ್ತಾ? ನನ್ನ ಅಳತೆ ಟೇಪೇ ಸಾಲಲ್ಲ ಕಣಮ್ಮ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮೈ ಉರಿದಿತ್ತು.

ಮೂರನೇ ನಿಮಿಷಕ್ಕೆ ಅವರ ಬೆನ್ನು ಸಿಕ್ಕಿತು. ಹಿಂದಿನಿಂದ ಅವರ ಹೊಟ್ಟೆಗೆ ಕಾಲು ಸುತ್ತಿ, ಬಲಪಾದವನ್ನು ನನ್ನದೇ ಎಡಮಂಡಿಯ ಹಿಂದೆ ಸಿಕ್ಕಿಸಿದೆ. ಹೀಗೆ ಅಲುಗದಂತೆ ಹಿಡಿದು, ಕೈಯಿಂದ ಕುತ್ತಿಗೆಗೆ ಪಟ್ಟು ಹಾಕಬೇಕೆಂಬುದು ಪಾಠ. ನಾನು ಕುತ್ತಿಗೆಯ ಕಡೆ ಹೋಗಲೇ ಇಲ್ಲ. ಅವರು ಉಸಿರು ಬಿಟ್ಟಾಗಲೆಲ್ಲ ಒಂದಿಷ್ಟು ಬಿಗಿ ಮಾಡಿದೆ. ಮುಂದಿನ ಉಸಿರಿಗೆ ಅಷ್ಟು ಜಾಗ ಕಡಿಮೆ. ಮಾತು ನಿಂತಿತು. ಅವರ ಬೆರಳುಗಳು ನನ್ನ ಪಾದದ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದವು. ತಟ್ಟಿದರೆ ಬಿಡಬೇಕು; ನಮ್ಮಲ್ಲಿ ಅದಕ್ಕಿಂತ ದೊಡ್ಡ ನಿಯಮವಿಲ್ಲ. ನಾನು ಇನ್ನೊಂದು ಉಸಿರಿಗೆ ಕಾದು, ಸೊಂಟ ಮುಂದೊತ್ತಿದೆ. ಅವರೊಳಗೆ ಏನೋ ಲಟಕ್ಕೆಂದಿತು.

"ಅಯ್ಯೋ, ತಟ್ಟಿದ್ದು ಗೊತ್ತಾಗ್ಲೇ ಇಲ್ಲ ಮಾವ," ಎಂದೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ, ನಾನು ಕೆಲಸ ಮಾಡುವ ಎಕ್ಸ್-ರೇ ಕೋಣೆಗೆ ಮಾವ ವೈದ್ಯರ ಚೀಟಿ ಹಿಡಿದು ಬಂದರು. 'ಏಣಿಯಿಂದ ಬಿದ್ದು ಪೆಟ್ಟು' ಎಂದು ಬರೆದಿತ್ತು.

"ಏಣಿಯಾ?"

"ಮತ್ತೆ, ಕಡ್ಡಿ ಕಾಲು ಅಂತ ಬರೆಸ್ಲಾ? ನಿಂಗೂ ಮುಜುಗರ. ಬಿಡು, ನಾನೇ ತಟ್ಟೋದು ತಡ ಮಾಡ್ದೆ. ಕಾಲಲ್ಲಿ ಹಿಸುಕಿದ್ದಕ್ಕೆಲ್ಲ ಯಾರು ತಟ್ತಾರೆ ಅನ್ನೋ ಜಂಭ."

ಅವರನ್ನು ಫಲಕಕ್ಕೆ ಒರಗಿಸಿ ನಿಲ್ಲಿಸಿ ಗಾಜಿನ ಹಿಂದೆ ಹೋದೆ. ದಿನಕ್ಕೆ ನಲವತ್ತು ಸಲ ಹೇಳುವ ಮಾತು: "ಉಸಿರು ಪೂರ್ತಿ ಎಳ್ಕೊಳ್ಳಿ. ಹಾಗೇ ಹಿಡೀರಿ." ಅರ್ಧಕ್ಕೇ ಅವರು ಮುಖ ಕಿವುಚಿದರು.

ಪರದೆಯಲ್ಲಿ ಒಂಬತ್ತನೇ ಪಕ್ಕೆಲುಬಿಗೆ ಅಡ್ಡಲಾಗಿ ಕೂದಲೆಳೆಯಂಥ ಗೆರೆ. ಅದನ್ನು ಓದಬೇಕಾದವರು ವೈದ್ಯರು. ಆದರೆ ಇದನ್ನು ಯಾರು ಬೇಕಾದರೂ ಓದಬಹುದಿತ್ತು.

"ಶಾಲೆಗೆ ಮೂವತ್ತು ಬೆಂಚು ಮಾಡ್ಕೊಡ್ಬೇಕು. ಹಲಗೆ ಕೀಸೋ ಉಜ್ಜುಗೊರಡು ಹಿಡೀಬಹುದಾ?" ಅಂಗಿ ತೊಡುತ್ತ ಕೇಳಿದರು.

"ಮಾವ, ನೀವು ತಡ ಮಾಡ್ಲಿಲ್ಲ. ಎರಡು ಸಲ ತಟ್ಟಿದ್ರಿ. ನಂಗೆ ಗೊತ್ತಾಗಿತ್ತು."

ಗುಂಡಿಯ ಮೇಲಿನ ಕೈ ನಿಂತಿತು. "ಗೊತ್ತಾಗಿ?"

"ಇನ್ನೊಂದ್ಸಲ ಬಿಗಿ ಮಾಡ್ದೆ."

ಏನಾದರೂ ತಮಾಷೆ ಮಾಡುತ್ತಾರೆಂದು ಕಾದೆ. ಅವರು ಮತ್ತೆ ಗುಂಡಿ ಹಾಕತೊಡಗಿದರು. ಎಡಗೈ ಮೇಲೆ ಬಾರದೆ ಗುಂಡಿ ಜಾರುತ್ತಿತ್ತು. ನೆರವಿಗೆ ಕೈ ಚಾಚಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ಬೇಡಮ್ಮ," ಎಂದರು. "ನಾನೇ ಹಾಕ್ಕೋತೀನಿ."