ಕೆನ್ನೆಯ ಕಮಾನು

ಮಸೂತಿ ಊರಿನ ಮಹಮ್ಮದಹನೀಫ ಮೊಹರಮ್ಮಿನ ರಿವಾಯತ ಪದದ ಮೊದಲ ಸೊಲ್ಲು ಎತ್ತಿದನೆಂದರೆ, ಗೌಡರ ಓಣಿಯಲ್ಲಿ ಒಲೆಯ ಮುಂದೆ ಕೂತವರೂ ಎದ್ದು ಬರುತ್ತಿದ್ದರು. ಮೇಳದವರೆಲ್ಲ ಹಿಂದೆ ಹಾಡುವವರು. ಎತ್ತಿ ಕೊಡುವವನು ಅವನೊಬ್ಬನೇ. ಗಂಟಲು ದೇವರು ಕೊಟ್ಟದ್ದೆಂದು ಹನೀಫ ಅದಕ್ಕೆ ಎಂದೂ ಹಿಗ್ಗಲಿಲ್ಲ. ಹಿಗ್ಗುವುದನ್ನು ಅವನ ಹೆಂಡತಿ ರಾಜಬಿಗೆ ಬಿಟ್ಟಿದ್ದ.

ಈ ವರ್ಷ ರಂಜಾನ್ ಉಪವಾಸ ಆಗತಾನೇ ಶುರುವಾಗಿತ್ತು. ಹನೀಫ ಮೇವು ಹಾಕಲು ಬಗ್ಗಿದಾಗ ಎತ್ತು ನೊಣ ಝಾಡಿಸಲು ತಲೆ ಕೊಡವಿತು. ಕೋಡು ಅವನ ಬಲಗೆನ್ನೆಗೆ ಬಡಿಯಿತು. ಬಾಗೇವಾಡಿಯ ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿದರು.

"ಮುಂದಿನಿಂದ ತಗದ ಚಿತ್ರದಾಗ ಎಲುಬು ಸರಿ ಕಾಣತೈತಿ. ಆದ್ರ ಬಾವು ಭಾಳ ಐತಿ, ಇದೊಂದನ್ನ ನಂಬಾಂಗಿಲ್ಲ. ಬಾಯಿ ತೆರ್ಯಾಕ ತ್ರಾಸ ಆತಂದ್ರ ತಡಾ ಮಾಡಬ್ಯಾಡ್ರಿ, ವಿಜಯಪುರಕ್ಕ ಹೋಗಿ ಸ್ಕ್ಯಾನ್ ಮಾಡಸ್ರಿ."

ಎಲುಬು ಸರಿ ಇದೆಯೆಂದಷ್ಟೇ ಹನೀಫ ಮನೆಯಲ್ಲಿ ಹೇಳಿದ. ಬಾವು ಇಳಿಯಿತು. ಸಂಜೆ ರೋಜಾ ಬಿಡುವಾಗ ಹನೀಫ ನೆನೆಸಿದ ಖರ್ಜೂರ ಕಿವುಚಿ ನುಂಗಿ, ಗಂಜಿ ಕುಡಿದು ಎದ್ದುಬಿಡುತ್ತಿದ್ದ. ರೊಟ್ಟಿ ಮುಟ್ಟಲಿಲ್ಲ, ಭಜಿ ಮುಟ್ಟಲಿಲ್ಲ. ರಾಜಬಿಯ ಕಣ್ಣಿಗೆ ಅದು ಭಕ್ತಿಯಾಗಿ ಕಂಡಿತು.

"ನಮ್ಮವರದು ಈ ವರ್ಷ ಖರೇ ರೋಜಾ ನೋಡವ್ವಾ. ನಾಲಿಗಿ ಗೆದ್ದಾರ," ಎಂದು ನೆರೆಮನೆಯ ಶೆಟ್ಟೆವ್ವನಿಗೆ ಕಟ್ಟೆಯ ಮೇಲೆ ಕೂತು ಹೇಳಿದಳು.

"ಪುಣ್ಯವಂತಿ ಬಿಡು ನೀ. ನಮ್ಮಾಂವ ಸೋಮವಾರ ಒಪ್ಪತ್ತು ಅಂತಾನ, ಆ ಒಂದ ಹೊತ್ತಿನ್ಯಾಗ ಮೂರು ಹೊತ್ತಿಂದು ಹೊಡೀತಾನ!"

ಕಟ್ಟೆಯವರೆಲ್ಲ ನಕ್ಕರು. ಒಳಗಿದ್ದ ಹನೀಫನಿಗೂ ಅದು ಕೇಳಿಸಿತು.

ಹಬ್ಬದ ದಿನ ರಾಜಬಿ ಬಿರಿಯಾನಿಯ ತುತ್ತನ್ನು ತಾನೇ ಅವನ ಬಾಯಿಗೆ ಒಯ್ದಳು. ತುತ್ತು ಹಲ್ಲಿಗೆ ತಾಗಿ ಉದುರಿತು.

"ಬಾಯಿ ತೆರೀರಿ."

"ತೆರೆದೇನಿ. ಇಷ್ಟ ತೆರೀತೈತಿ."

ಹಲ್ಲುಗಳ ನಡುವೆ ಅವಳ ಒಂದು ಬೆರಳು ಮಾತ್ರ ಹೋಯಿತು.

ವಿಜಯಪುರದಲ್ಲಿ ಸ್ಕ್ಯಾನ್ ನೋಡುವ ಡಾಕ್ಟರು ಶೈಲಶ್ರೀ ಇಬ್ಬರನ್ನೂ ಪರದೆಯ ಮುಂದೆ ಕೂರಿಸಿಕೊಂಡರು. "ಮುಂದಿನಿಂದ ನೋಡಿದ್ರ ಈ ಕೆನ್ನಿ ಎಲುಬಿನ ಕಮಾನು ನೆಟ್ಟಗ ಕಾಣಾಂಗಿಲ್ಲ. ಗದ್ದದ ಕೆಳಗಿಂದ ನೋಡಿದ್ರ ಚಹಾ ಕಪ್ಪಿನ ಕಿವಿ ಹಂಗ ಹೊರಗ ಬಾಗಿರಬೇಕು. ಎಡಗಡಿದು ನೋಡ್ರಿ, ದುಂಡಗ ಐತಿ. ಬಲಗಡಿದು ಮೂರು ಕಡೆ ಮುರಿದು ಒಳಗ ಕುಸಿದೈತಿ. ಕಣ್ಣಿನ ಗೂಡು, ದವಡಿ ಎಲ್ಲಾ ಗಟ್ಟಿ ಅದಾವು. ಕಮಾನು ಒಂದೇ ಮುರಿಯೋ ಜಾತಿದು ಇದು, ಮುಖದ ಮುರಿತದಾಗ ಹಗುರಂದು. ಆದ್ರ ಆ ಕುಸಿದ ತುಂಡು ದವಡಿ ತುದಿಗೆ ಅಡ್ಡ ನಿಂತೈತಿ."

"ಹಗುರಂದು ಅಂದ್ರ ಸರಿ ಆಗತೈತಲ್ರಿ, ಡಾಕ್ಟರ್ ಬಾಯಾರ?" ರಾಜಬಿಯ ಮುಖ ಅರಳಿತು.

ಶೈಲಶ್ರೀ ಪರದೆಯ ಮೇಲಿನ ಕುಸಿದ ತುಂಡಿಗೆ ಬೆರಳು ಹಚ್ಚಿದರು. "ಆವಾಗ ಬಂದಿದ್ರ ಕೂದಲದಾಗ ಸಣ್ಣ ಗಾಯ ಮಾಡಿ, ಒಳಗಿಂದ ಎತ್ತಿ ಕೂಡಸ್ತಿದ್ರು. ಈಗ ತಪ್ಪು ಜಾಗದಾಗ ಕೂಡಿಬಿಟ್ಟೈತಿ. ಮತ್ತ ಮುರಿದು ಕೂಡಸಬೇಕು. ಉಣ್ಣಾಕ ಬರತೈತಿ. ಮೊದಲಿನಷ್ಟು ತೆರೀತೈತಿ ಅಂತ ನಾ ಹೇಳಾಂಗಿಲ್ಲ."

"ಹಾಡಾಕ?" ಹನೀಫ ಕೇಳಿದ.

ಶೈಲಶ್ರೀ ಆಪರೇಷನ್ ಮಾಡುವ ಡಾಕ್ಟರಿಗೆ ಚೀಟಿ ಬರೆಯತೊಡಗಿದರು.

ಆಪರೇಷನ್ನಿಗೆ ದಿನ ಗೊತ್ತುಮಾಡಿಸಿ ಹೊರಗೆ ಬಂದು ಬೇವಿನ ನೆರಳಿನಲ್ಲಿ ಕೂತರು. ರಾಜಬಿ ಸೆರಗಿನಿಂದ ಕಣ್ಣೊರಸಿಕೊಂಡಳು.

"ನನಗೊಂದು ಮಾತು ಹೇಳಬಾರದಿತ್ತೇನ್ರಿ? ಬ್ಯಾನಿ ಬಂದವರಿಗೆ ರೋಜಾ ಬಿಡಾಕ ಅಲ್ಲಾನ ಮಾಫಿ ಕೊಟ್ಟಾನ."

"ಅಲ್ಲಾ ಕೊಟ್ಟಿದ್ದ, ರಾಜಬಿ. ಓಣಿ ಮಂದಿ ಮುಂದ ನೀ ಅಷ್ಟು ಹೊಗಳಿದ ಮ್ಯಾಲ, ನಂದು ಭಕ್ತಿ ಅಲ್ಲ, ಬಾಯಿ ತೆರ್ಯಾಕ ಬರವಲ್ದು ಅಂತ ಹೆಂಗ ಹೇಳ್ಲಿ?" ಅವನು ನೆಲ ನೋಡಿದ. "ಕೇಳಾಕ ನನಗೂ ಛಲೋ ಅನಸ್ತಿತ್ತು."

ಹನೀಫ ಫೋನು ತೆಗೆದು, ಮೇಳದಲ್ಲಿ ತನ್ನ ಬೆನ್ನಿಗೆ ನಿಲ್ಲುವ ಆರಿಫನಿಗೆ ಹಚ್ಚಿದ.

"ಆರಿಫ, ಈ ಮೊಹರಮ್ಮಿಗೆ ಮೊದಲ ಸೊಲ್ಲು ನೀ ಎತ್ತು. ನಾ ಹಿಂದ ಹಾಡ್ತೇನಿ."

"ಏ ಚಾಚಾ, ಚೇಷ್ಟಿ ಮಾಡಬ್ಯಾಡ್ರಿ! ನಾ ಎತ್ತಿದ್ರ ಮಂದಿ ಮನಿ ಹಾದಿ ಹಿಡೀತೈತಿ!" ಆರಿಫ ಗೊಳ್ಳೆಂದು ನಕ್ಕದ್ದು ರಾಜಬಿಗೂ ಕೇಳಿಸಿತು.

ಆ ನಗು ತಾನಾಗಿ ನಿಲ್ಲುವವರೆಗೆ ಹನೀಫ ಫೋನು ಹಿಡಿದು ಕಾದ.