ನೀರು ಬಿದ್ದರೂ ಹಾಳಾಗದ ಪಾಸ್‌ಪೋರ್ಟ್

ಮುಂಬಯಿಯ ಅಂಧೇರಿಯಲ್ಲಿ ಒಂದು ಪ್ರವಾಸ ಕಂಪನಿಯ ಆಫೀಸಿನಲ್ಲಿ ಕೂತು ನಾನು ಉತ್ತರ ಧ್ರುವದ ಹತ್ತಿರದ ಒಂದು ರಾಷ್ಟ್ರೀಯ ಉದ್ಯಾನಕ್ಕೆ ಹೋಗುವವರ ಫೋನ್ ಎತ್ತುತ್ತೇನೆ. ಅಲ್ಲಿಗೆ ರಸ್ತೆ ಇಲ್ಲ, ಸಣ್ಣ ವಿಮಾನ ಮಾತ್ರ. ಮಂಜು ಮುಸುಕಿದರೆ ಅದೂ ಇಲ್ಲ, ನಾಲ್ಕು ದಿನದ ಊಟ ಹೆಚ್ಚಿಗೆ ಇಟ್ಟುಕೊಳ್ಳಿ. ಹೂ ಕೀಳಬೇಡಿ, ಪಾಚಿ ತುಳಿಯಬೇಡಿ. ಐದು ವರ್ಷದಿಂದ ಇದೇ ಮಂತ್ರ. "ನೀವು ನೋಡಿದ್ದೀರಾ?" ಎಂದು ಎಲ್ಲರೂ ಕೇಳುತ್ತಾರೆ. "ಇಲ್ಲ" ಎನ್ನುತ್ತೇನೆ. ಸುಳ್ಳು ಹೇಳಿ ದೊಡ್ಡಸ್ತಿಕೆ ತೋರಿಸುವವಳು ನಾನಲ್ಲ.

ಈ ಜೂನ್‌ನಲ್ಲಿ ಕಂಪನಿಯವರಿಗೆ ಬುದ್ಧಿ ಬಂತು. ಫೋನ್ ಎತ್ತುವ ಒಬ್ಬರನ್ನು ಹತ್ತು ದಿನ ಅಲ್ಲಿಗೇ ಕಳಿಸುತ್ತೇವೆ ಎಂದರು. ನನ್ನ ಹೆಸರು ಬಂತು! ವೀಸಾಕ್ಕೆ ಪಾಸ್‌ಪೋರ್ಟ್ ಕೊಡಲು ಗುರುವಾರ ಕೊನೆ. ತಪ್ಪಿದರೆ ಮತ್ತೆ ಸರದಿ ಸಿಗುವಷ್ಟರಲ್ಲಿ ಅಲ್ಲಿನ ಬೇಸಿಗೆ ಮುಗಿದಿರುತ್ತದೆ.

ನಮ್ಮ ಭಾಂಡುಪ್‌ನ ಮನೆಯಲ್ಲಿ ಕಾಗದಪತ್ರವೆಲ್ಲ ವಾರಿಜಾ ಅತ್ತೆಯ ವಶ. ಕಪಾಟಿನ ಬೀಗದ ಕೈ ಅವರ ಸೊಂಟದಲ್ಲಿ. ಬುಧವಾರ ಸಂಜೆ ಪಾಸ್‌ಪೋರ್ಟ್ ಕೇಳಿದೆ.

"ನೋಡು ಲಾವಣ್ಯಾ, ಮಳೆಗಾಲ ಅಲ್ವಾ, ಬೂಸ್ಟು ಹಿಡೀತದೆ ಅಂತ ಸ್ಟೇಷನ್ ಹತ್ರ ಲ್ಯಾಮಿನೇಷನ್ ಮಾಡಿಸಿದೆ. ಇನ್ನು ನೀರು ಬಿದ್ರೂ ಎಂಥದ್ದೂ ಆಗುದಿಲ್ಲ."

ರೇಷನ್ ಕಾರ್ಡಿಗೆ ಮಾಡಿಸಿದ ಹಾಗೆಯೇ ಫೋಟೋ ಇರುವ ಪುಟಕ್ಕೂ ದಪ್ಪ ಪ್ಲಾಸ್ಟಿಕ್. ಉಗುರಿನಿಂದ ಎಬ್ಬಿಸಲು ನೋಡಿದೆ. ನನ್ನ ಅರ್ಧ ಮುಖ ಪ್ಲಾಸ್ಟಿಕ್ಕಿನೊಂದಿಗೇ ಕಿತ್ತು ಬಂತು.

"ಅತ್ತೆ, ಇದು ಇನ್ನು ನಡೆಯುದಿಲ್ಲ."

"ಹೌದಾ? ಹಾಗಾದ್ರೆ ನಾಳೆಯೇ ಹೊಸತು ಮಾಡಿಸುವ ಮಗಾ."

ನಾಳೆಗೆ ಆಗುವ ಕೆಲಸವಲ್ಲ ಎಂದು ತಿಳಿಸಿ ಹೇಳಿದಾಗ ಅವರ ಮುಖ ಬಾಡಿತು. ಕೂಗಾಡಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರು ಕಪಾಟಿನಿಂದ ಇನ್ನೊಂದು ಪ್ಲಾಸ್ಟಿಕ್ ಹಾಳೆ ತೆಗೆದರು. ನಾನು ಆಫೀಸಿನಿಂದ ತಂದಿದ್ದ, ಆ ಉದ್ಯಾನದ ಹಳದಿ ಗಸಗಸೆ ಹೂವಿನ ಚಿತ್ರ.

"ನಿನಗೆ ಇಷ್ಟ ಅಂತ ಇದಕ್ಕೂ ಮಾಡಿಸಿದ್ದೆ," ಎಂದರು.

ಇಂಥವರ ಮೇಲೆ ಹೇಗೆ ಕೂಗುವುದು? ಎದ್ದು ಹೋಗಿ ಕಿಟಕಿ ತೆರೆದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಪಕ್ಕದ ಬಿಲ್ಡಿಂಗಿನ ಗೋಡೆ.

ಗುರುವಾರ ಆಫೀಸಿನಲ್ಲಿ ನನ್ನ ಬದಲು ಪಕ್ಕದ ಸೀಟಿನ ಪ್ರಣೀತಾಳ ಹೆಸರು ಬರೆಸಿದೆ. ಹೂವಿನ ಚಿತ್ರವನ್ನು ಕಂಪ್ಯೂಟರಿಗೆ ಒರಗಿಸಿಟ್ಟೆ. ಮೊದಲ ಫೋನ್ ಒಬ್ಬ ಮುದುಕಿಯದು. ಅಲ್ಲಿ ಮರಗಿಡ ಹೇಗಿವೆ ಎಂದು ಕೇಳಿದಳು. ಮರ ಇಲ್ಲ, ಎಂದೆ. ವಿಲೋ ಎಂಬ ಗಿಡ ಕೂಡ ಗಾಳಿಗೆ ಹೆದರಿ ನೆಲ ಹಿಡಿದು ಮಲಗಿರುತ್ತದೆ. ಹಳದಿ ಹೂವು ಮಾತ್ರ ದಿನವಿಡೀ ಸೂರ್ಯ ಇದ್ದ ಕಡೆಗೆ ತಿರುಗುತ್ತಾ ಇರುತ್ತದೆ.

"ನೀವು ನೋಡಿದ್ದೀರಾ?"

"ನೋಡಿದ್ದೇನೆ," ಎಂದೆ.